ಪೋಟೋವೋ, ಚಿತ್ರವೋ, ಪಟವೋ

“ನಿನ್ಗಿಂತ ಸತ್ತೋನೇ ವಾಸಿ ಕಣ್ಲಾ!”

ಮಂಡ್ಯದ ರೈಲು ಸ್ಟೇಷನ್ನಿನ ಎದುರಿನ ಕಾಫಿ ಹೋಟೆಲಿನಲ್ಲಿ, ಸಂತೆಯ ದಿನ, ಬೆಂಚುಗಳೆಲ್ಲ ತುಂಬಿ ಜನ ಬಾಗಿಲಲ್ಲೇ ನಿಂತು ಕಾಫಿ ಹೀರುತ್ತಿದ್ದ ಹೊತ್ತಿನಲ್ಲಿ, ಮಳವಳ್ಳಿಯ ಚಿಕ್ಕಬೋರಯ್ಯ ಈ ಮಾತನ್ನು ಗುತ್ತಲಿನ ಸಿದ್ದರಾಮುವಿನ ಮುಖಕ್ಕೇ ಹೇಳಿದ. ಸಿದ್ದರಾಮುವಿನ ಬಾಯಲ್ಲಿ ಅರ್ಧ ಬೋಂಡ ಇತ್ತು, ಉಳಿದರ್ಧ ಕೈಯಲ್ಲಿತ್ತು. ಮಾತಾಡಬೇಕಾದರೆ ನುಂಗಬೇಕು, ಇಲ್ಲವೇ ಉಗುಳಬೇಕು. ಅವನು ಎರಡನ್ನೂ ಮಾಡದೆ ಸುಮ್ಮನೆ ಕೂತ. ಇಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯರೂ ಅದನ್ನೇ ಮಾಡುತ್ತಾರೆ. ಅವರ ಬಾಯಲ್ಲಿ ಬೋಂಡ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಚಿಕ್ಕಬೋರಯ್ಯ ಸಿದ್ದರಾಮುವಿಗೆ ಕೇಳಿದ್ದ ಹೆಣ್ಣಿನ ಸೋದರಮಾವ. ತಂದೆಯಿಲ್ಲದ ಹುಡುಗಿಗೆ ಅವನೇ ಯಜಮಾನ. ಕಂಕುಳಲ್ಲಿದ್ದ ಟವಲಿನ ಗಂಟನ್ನು ಬಿಚ್ಚಿ ಒಳಗಿದ್ದ ಪಟವನ್ನು ಬೆಂಚಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ. ಗಾಜು ಹಾಕಿ, ಚಿನ್ನದ ಬಣ್ಣದ ಫ್ರೇಮು ಕಟ್ಟಿಸಿದ ಪಟ. ಒಳಗೊಬ್ಬ ಕೋಟು ತೊಟ್ಟ ಮಹಾನುಭಾವ. ಅವನ ಹಣೆಯ ಮೇಲಿನ ಗಾಜಿಗೆ ವಿಭೂತಿ ಮೆತ್ತಿತ್ತು.

“ಸಭೇರು ನೀವೇ ನೋಡ್ರಪ್ಪಾ. ಪಟದಾಗಿರೋನು ರಾಜನಂಗವ್ನೆ. ಇಂತೋನು ಓಗ್ಬುಟ್ನಲ್ಲಾ ಅಂತ ನಮ್ಮನೇಲಿ ಎಲ್ರೂ ತಲೆಗ್ ನೀರುಯ್ಕಂಡು ಒಲೆ ಅಚ್ದೆ ಕುಂತವ್ರೆ. ಎರಡು ತೊಟ್ಟು ಕಣ್ಣೀರಾಕಿ ಬರಾಣ ಅಂತ ನಾನು ಬಸ್ಸತ್ತಿ ಬಂದು ಮನೆ ಎಲ್ಲಿ ಅಂತ ಕೇಳಿದ್ರೆ, ಅಗೋ ಅವ್ನೇ ಅಂತಾರೆ! ಇವ್ನು ಇಲ್ಲಿ ಬೋಂಡ ತಿಂತಾ ಕುಂತವ್ನೆ!”

“ಬದುಕಿರೋದೇ ತಪ್ಪೇನಣ್ಣಾ?” ಎಂದು ಹೋಟೆಲಿನವನು ಕೇಳಿದ.

“ಬದುಕಿರೋದು ಒಂದು ತಪ್ಪು. ಇಂಗಿರೋದು ಇನ್ನೊಂದು ತಪ್ಪು!”

ಹೋಟೆಲೆಲ್ಲ ನಕ್ಕಿತು. ಜನ ಪಟವನ್ನೊಮ್ಮೆ, ಸಿದ್ದರಾಮುವನ್ನೊಮ್ಮೆ ನೋಡತೊಡಗಿದರು. “ಕಿವಿ ಎಲ್ಲೋದ್ವುಲಾ?” ಎಂದ ಒಬ್ಬ. “ಮೂಗು ಅಣ್ಣತಮ್ಮಂದಿರಂಗವೆ, ಒಂದೇ ಅಲ್ಲ,” ಎಂದ ಇನ್ನೊಬ್ಬ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂಡ ಇಷ್ಟು ಶ್ರದ್ಧೆಯಿಂದ ಯಾರೂ ಯಾರನ್ನೂ ನೋಡುವುದಿಲ್ಲ.

ಇಷ್ಟಕ್ಕೆಲ್ಲ ಮೂಲ ಸಿದ್ದರಾಮುವಿನ ತಾಯಿ ಶಿವನಂಜಮ್ಮನ ಬುದ್ಧಿವಂತಿಕೆ. ಸಿದ್ದರಾಮು ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ಸಾಲುಗಟ್ಟುವ ಯಾರ್ಡಿನಲ್ಲಿ ಸರದಿ ಕೂಗುವವನು. ಅವನು ಕೂಗಿದರೆ ನಿದ್ದೆ ಹೋದ ಎತ್ತು ಕೂಡ ಎದ್ದು ನಡೆಯುತ್ತಿತ್ತು. ಆದರೆ ಮದುವೆಯ ಮಾರುಕಟ್ಟೆಯಲ್ಲಿ ಕಂಠಕ್ಕೆ ಬೆಲೆಯಿಲ್ಲ. ಅವನನ್ನು ನೋಡಿಕೊಂಡು ಹೋದ ಹೆಣ್ಣಿನ ಕಡೆಯವರು ಯಾರೂ ಹಿಂತಿರುಗಿ ಬಂದಿರಲಿಲ್ಲ. ಕಿವಿಗಳು ಮೊರದಗಲ, ಮುಖದ ಮೇಲೆ ಸಿಡುಬಿನ ಕಲೆ, ಮೂಗು ಎಲ್ಲಿಗೋ ಹೊರಟು ಅರ್ಧದಾರಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ. ವಯಸ್ಸು ಮೀರುತ್ತಿತ್ತು. ಈ ಸಂಬಂಧವೂ ತಪ್ಪಿದರೆ ಇನ್ನು ಯಾರ ಬಾಗಿಲಿಗೂ ಹೋಗುವುದಿಲ್ಲವೆಂದು ತಾಯಿ ದೇವರ ಮುಂದೆ ಹೇಳಿಬಿಟ್ಟಿದ್ದಳು. ಹಾಗಾಗಿ ಮಳವಳ್ಳಿಯವರು “ಗಂಡಿನ ಪೋಟೋ ಕಳ್ಸಿ, ಆಮೇಲೆ ನೋಡಾಣ,” ಎಂದಾಗ ಶಿವನಂಜಮ್ಮನಿಗೆ ಸ್ವರ್ಗ ಮೂರೇ ಗೇಣು. ಮಗನನ್ನು ನೋಡದೆ ಒಪ್ಪುವುದಾದರೆ ಒಪ್ಪಿಕೊಳ್ಳಲಿ ಎಂದು ಅವನನ್ನು ಪೀರ್ ಪಾಷಾನ ಸ್ಟುಡಿಯೋಗೆ ಅಟ್ಟಿದಳು.

ಪೀರ್ ಪಾಷಾ ದೊಡ್ಡ ಕಲಾವಿದ. ದೊಡ್ಡ ಕಲಾವಿದರಿಗೆ ಎದುರಿಗಿರುವುದನ್ನು ಹಾಗೆಯೇ ಬಿಟ್ಟರೆ ನಿದ್ದೆ ಬರುವುದಿಲ್ಲ. ಅದು ಯುದ್ಧದ ಕಾಲ, ಪೋಟೋ ಹಿಡಿಯುವ ಗಾಜಿನ ಪ್ಲೇಟುಗಳೆಲ್ಲ ಎಲ್ಲಿಗೋ ಯುದ್ಧಕ್ಕೆ ಹೋಗಿದ್ದವು. ಅವನ ಹತ್ತಿರ ಉಳಿದಿದ್ದ ಒಂದೇ ಒಂದು ಪ್ಲೇಟನ್ನು ಹಾಕಿ, “ಅಲ್ಲಾಡ್ಬೇಡಿ ಭಾಯಿ,” ಎಂದು ಕ್ಲಿಕ್ಕಿಸಿದ. ಸಿದ್ದರಾಮು ಅಲ್ಲಾಡಲಿಲ್ಲ. ಭಕ್ತಿಯಿಂದ ಕಣ್ಣು ಮುಚ್ಚಿಕೊಂಡ.

ಪ್ಲೇಟು ತೊಳೆದು ನೋಡಿದ ಪಾಷಾ ತಲೆಯ ಮೇಲೆ ಕೈ ಹೊತ್ತ. ಆಮೇಲೆ ಕುಂಚ ಎತ್ತಿಕೊಂಡ.

“ಪೋಟೋ ಅಂದ್ರೆ ಏನು ಭಾಯಿ? ಕನ್ನಡಿ. ಕನ್ನಡಿ ನೋಡಿ ಯಾರಾದ್ರೂ ಹೆಣ್ಣು ಕೊಡ್ತಾರಾ? ನೀವು ಹೋಗಿ ಚಾ ಕುಡ್ಕೊಂಡು ಬನ್ನಿ, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ.”

ಮಿಕ್ಕಿದ್ದೆಂದರೆ ಎಲ್ಲವೂ. ಮುಚ್ಚಿದ ಕಣ್ಣುಗಳ ಮೇಲೆ ತೆರೆದ ಕಣ್ಣುಗಳನ್ನು ಬರೆದ. ಸಿಡುಬಿನ ಕಲೆಗಳನ್ನು ಚುಕ್ಕೆ ಚುಕ್ಕೆ ಇಟ್ಟು ಮುಚ್ಚಿದ. ಮೂಗನ್ನು ಅದು ಹೊರಟಿದ್ದ ಊರಿಗೆ ತಲುಪಿಸಿದ. ಕಿವಿಗಳನ್ನು ಪೇಟದೊಳಗೆ ಸೇರಿಸಿದ. ಬೇರೆ ಯಾರದೋ ಹಳೆಯ ಪ್ಲೇಟಿನಿಂದ ಒಂದು ಕೋಟನ್ನು ಮೈಸಮೇತ ತಂದು ಕುತ್ತಿಗೆಯ ಕೆಳಗೆ ಅಂಟಿಸಿ ಎಲ್ಲಕ್ಕೂ ಬಣ್ಣ ಕೊಟ್ಟ. ಸಿದ್ದರಾಮು ನೋಡಿದವನೇ ಎದ್ದು ನಿಂತು ಪಟಕ್ಕೆ ನಮಸ್ಕಾರ ಮಾಡಿದ. ಇಷ್ಟು ದೊಡ್ಡ ಮನುಷ್ಯನನ್ನು ಬರೀ ರಟ್ಟಿನಲ್ಲಿ ಕಳಿಸುವುದು ಮರ್ಯಾದೆಯಲ್ಲವೆಂದು ತಾನೇ ಅಂಗಡಿಗೆ ಹೋಗಿ ಫ್ರೇಮು, ಗಾಜು ಹಾಕಿಸಿ, ಕಂಡಕ್ಟರ್ ಕೈಲಿ ಮಳವಳ್ಳಿಗೆ ಕಳಿಸಿದ.

ಎಡವಟ್ಟಾದದ್ದು ಅಲ್ಲಿಯೇ. ಆ ಮನೆಯಲ್ಲಿ ಬದುಕಿದ್ದವರ ಪೋಟೋ ಇರುತ್ತಿದ್ದುದು ಟ್ರಂಕಿನಲ್ಲಿ, ಸೀರೆಯ ಮಡಿಕೆಯ ನಡುವೆ. ಗಾಜು ಹಾಕಿ ಫ್ರೇಮು ಕಟ್ಟುತ್ತಿದ್ದುದು ದೇವರಿಗೆ, ಇಲ್ಲವೇ ಸತ್ತವರಿಗೆ. ಪಟದ ಒಳಗಿದ್ದವನಿಗೆ ನಾಲ್ಕು ಕೈ ಇರಲಿಲ್ಲವಾದ್ದರಿಂದ ಹುಡುಗಿಯ ಅಜ್ಜಿ ಮರಿತಾಯಮ್ಮನಿಗೆ ಅನುಮಾನವೇ ಉಳಿಯಲಿಲ್ಲ. “ಅಯ್ಯೋ, ಗಂಡು ಓದ್ನಲ್ಲೋ!” ಎಂದು ಎದೆ ಬಡಿದುಕೊಂಡು, ಗಾಜಿಗೆ ವಿಭೂತಿ ಇಟ್ಟು, ಮನೆಮಂದಿಗೆಲ್ಲ ಸ್ನಾನ ಮಾಡಿಸಿದಳು. ಕಾಗದ ಬರೆದು ಕೇಳೋಣವೆಂದು ಯಾರಿಗೂ ಹೊಳೆಯಲಿಲ್ಲ. ಸತ್ತವನು ಉತ್ತರ ಬರೆಯುತ್ತಾನೆಯೇ?

ಬೋಂಡ ನುಂಗಿದ ಮೇಲೆ ಸಿದ್ದರಾಮು ಕೇಳಿದ್ದು ಒಂದೇ ಮಾತು. “ಮದ್ವೆ ಇರ್ತದಾ?”

“ಯಾರ್ಗೆ?” ಎಂದ ಚಿಕ್ಕಬೋರಯ್ಯ.

ಇದನ್ನು ತೀರ್ಮಾನಿಸಲು ಎರಡೂ ಕಡೆಯವರು ಮದ್ದೂರಿನಲ್ಲಿ ಸೇರುವುದೆಂದಾಯಿತು. ಮಂಡ್ಯಕ್ಕೂ ಮಳವಳ್ಳಿಗೂ ಅದು ನಡುವೆ. ಜೊತೆಗೆ ಅಲ್ಲಿ ಇಬ್ಬರು ಪ್ರಾಜ್ಞರಿದ್ದರು. ಒಬ್ಬರು ಕಂದಾಯ ಕಚೇರಿಯ ಶೇಕ್ದಾರರು. ಜಮೀನಿನ ಗಡಿಯಿಂದ ಗಂಡಹೆಂಡಿರ ಜಗಳದವರೆಗೆ ಯಾವುದು ಬಂದರೂ ಅದನ್ನು ಬಗೆಹರಿಯದ ಹಾಗೆ ಮಾಡುವುದರಲ್ಲಿ ಪಳಗಿದವರು. ಇನ್ನೊಬ್ಬರು ಕನ್ನಡ ಪಂಡಿತರು. ಇಂಗ್ಲಿಷಿನಲ್ಲಿರುವ ಸಕಲ ವಸ್ತುಗಳಿಗೂ ಕನ್ನಡದ ಹೆಸರು ಕೊಡುವ ವ್ರತ ಹಿಡಿದಿದ್ದರು. ಅವರು ಹೆಸರಿಟ್ಟ ಮೇಲೆ ಆ ವಸ್ತುವನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಕೈ ತೋರಿಸುತ್ತಿದ್ದರು.

ಭಾನುವಾರ ಶೇಕ್ದಾರರ ಜಗುಲಿಯ ಮೇಲೆ ಸಭೆ. ಪಟಕ್ಕೆ ಕುರ್ಚಿ, ಸಿದ್ದರಾಮುವಿಗೆ ಮೆಟ್ಟಿಲು. ಪೀರ್ ಪಾಷಾ ಕಂಬ ಹಿಡಿದು ನಿಂತಿದ್ದ.

“ಇದರಲ್ಲಿರೋದು ಯಾರು?” ಎಂದು ಶೇಕ್ದಾರರು ಶುರುಮಾಡಿದರು.

“ನಾನೇ ಸ್ವಾಮಿ.”

“ಕೋಟು?”

“ನಂದಲ್ಲ ಸ್ವಾಮಿ.”

“ಕೋಟಿನ ಒಳಗಿರೋ ಮೈ?”

“ಅದೂ ಕೋಟಿನ ಜೊತೇಲೇ ಬಂತು ಸ್ವಾಮಿ.”

“ಕಣ್ಣು?”

“ಪಾಷಣ್ಣಂದು.”

“ಕಿವಿ?”

“ಕಿವಿ ನಂದೇ ಸ್ವಾಮಿ, ಆದ್ರೆ ಅದ್ರಾಗಿಲ್ಲ.”

“ಹಾಗಾದ್ರೆ ಇದರಲ್ಲಿ ನಿಂದು ಅಂತ ಏನಯ್ಯಾ ಇದೆ?”

ಸಿದ್ದರಾಮು ತಲೆ ಕೆರೆದುಕೊಂಡು ಪಟವನ್ನು ಮೇಲಿಂದ ಕೆಳಗೆ ನೋಡಿದ. ಪ್ರಾಮಾಣಿಕನಾದ್ದರಿಂದ ಹೇಳಿಬಿಟ್ಟ. “ಪ್ರೇಮು ಸ್ವಾಮಿ. ಪ್ರೇಮು ನಾನೇ ತಂದಿದ್ದು.”

ಶಿವನಂಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಶೇಕ್ದಾರರು ಗಂಟಲು ಸರಿಮಾಡಿಕೊಂಡರು. “ಕೇಳಿ. ಇದನ್ನ ಏನಂತ ಕರೀಬೇಕು ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಪೋಟೋ ಅಂದ್ರೆ ಸಾಕ್ಷಿ. ಸಾಕ್ಷಿ ಸುಳ್ಳಾದ್ರೆ ಮೋಸ, ಮೋಸಕ್ಕೆ ಕೇಸು. ಚಿತ್ರ ಅಂದ್ರೆ ಕಲೆ. ಕಲೆಗೆ ಕೇಸಿಲ್ಲ, ಮದುವೆ ನಡೀಬಹುದು. ಪಟ ಅಂದ್ರೆ ವರ ಕಾಲವಾಗಿದ್ದಾನೆ. ತಿಥಿ ಮಾಡಿ.”

“ನನ್ ಮಗ ಕಣ್ಮುಂದೆ ಕುಂತವ್ನಲ್ಲಾ ಸ್ವಾಮಿ!” ಎಂದಳು ಶಿವನಂಜಮ್ಮ.

“ಕೂತಿರೋದು ಬೇರೆ ವಿಚಾರ ಅಮ್ಮ. ಹೆಸರು ತೀರ್ಮಾನ ಆಗೋವರೆಗೂ ಅವನ ಬಗ್ಗೆ ಏನೂ ಹೇಳೋಕಾಗಲ್ಲ.”

“ತಿಥಿ ಆದ್ರೆ ಕರ್ಚು ಗಂಡಿನ ಕಡೇರ್ದೇ ತಾನೆ?” ಎಂದು ಚಿಕ್ಕಬೋರಯ್ಯ ಮುಂದಾಲೋಚನೆ ಮಾಡಿದ.

“ಚಿತ್ರ ಅಂತ ಬರ್ಕೊಳ್ಳಿ ಸ್ವಾಮಿ, ಚಿತ್ರ!” ಎಂದ ಸಿದ್ದರಾಮು, ಎತ್ತುಗಳನ್ನು ಎಬ್ಬಿಸುವ ಅದೇ ಕಂಠದಲ್ಲಿ. ಜಗುಲಿಯ ಸೂರಿನಲ್ಲಿದ್ದ ಪಾರಿವಾಳಗಳು ಹಾರಿಹೋದವು.

“ನೀನು ಹೇಳಿದ ಹಾಗೆಲ್ಲ ಆಗೋಕೆ ಇದು ಕಬ್ಬಿನ ಗಾಡಿ ಅಲ್ಲ,” ಎಂದು ಪಂಡಿತರು ಎದ್ದರು. ಅವರ ಕಾಲ ಬಂದಿತ್ತು. “ಪೋಟೋ ಎಂಬುದು ಮ್ಲೇಚ್ಛ ಶಬ್ದ. ಚಿತ್ರ ಎಂಬುದು ಸಾಲದು, ಪಟ ಎಂಬುದು ಗ್ರಾಮ್ಯ. ಛಾಯಾಚಿತ್ರ ಎನ್ನೋಣವೆಂದರೆ ಇದರಲ್ಲಿ ಈತನ ಛಾಯೆಯೇ ಇಲ್ಲ. ಭಾವಚಿತ್ರ ಎನ್ನೋಣವೆಂದರೆ ಈ ಮುಖದಲ್ಲಿ ಭಾವವಿಲ್ಲ.”

“ಭಾವ ನಾಳೆ ಹಾಕಿಕೊಡ್ತೀನಿ ಪಂಡಿತ್‌ಜೀ,” ಎಂದ ಪಾಷಾ. ಕೇಸಿನ ಹೆಸರು ಕೇಳಿದಾಗಿನಿಂದ ಅವನು ಕಂಬ ಬಿಟ್ಟಿರಲಿಲ್ಲ.

ಆಗ ಶೇಕ್ದಾರರು ಒಳಗಿನಿಂದ ಸರ್ವೆ ನಕ್ಷೆ ನೋಡುವ ಭೂತಗನ್ನಡಿ ತರಿಸಿದರು. ಪಟದ ಮೇಲೆ ಹಿಡಿದು ಬಗ್ಗಿ ನೋಡಿ, ಬಹಳ ಹೊತ್ತು ಏಳಲೇ ಇಲ್ಲ. ಎದ್ದಾಗ ಅವರ ಮುಖ ಬಿಳಿಚಿಕೊಂಡಿತ್ತು.

“ಇದರಲ್ಲಿ ಮನುಷ್ಯನೇ ಇಲ್ಲ ಕಣ್ರೀ! ಬರೀ ಚುಕ್ಕೆ!”

ಎಲ್ಲರೂ ಸರದಿಯಲ್ಲಿ ಬಂದು ನೋಡಿದರು. ನಿಜ. ಭೂತಗನ್ನಡಿ ಹಿಡಿದರೆ ಕೆನ್ನೆಯಿಲ್ಲ, ಮೂಗಿಲ್ಲ. ಕರಿಯ ಚುಕ್ಕೆ, ಕೆಂಪು ಚುಕ್ಕೆ, ಕಂದು ಚುಕ್ಕೆ, ಚೆಲ್ಲಿದ ಸಾಸಿವೆಯ ಹಾಗೆ. ಭೂತಗನ್ನಡಿ ತೆಗೆದರೆ ಮಹಾನುಭಾವ ಮತ್ತೆ ಹಾಜರ್. ಚಿಕ್ಕಬೋರಯ್ಯ ಹತ್ತಿರ ಹೋದ, ದೂರ ಬಂದ, ಮತ್ತೆ ಹತ್ತಿರ ಹೋದ. “ದೂರದಾಗವ್ನೆ, ಅತ್ರ ಓದ್ರೆ ಇಲ್ಲ. ನಮ್ಮ ಪಟೇಲನೂ ಇಂಗೇಯ,” ಎಂದ.

ಪಂಡಿತರ ಕಣ್ಣಲ್ಲಿ ಮಿಂಚು ಹೊಡೆಯಿತು. “ಬಿಂದುಗಳು! ಬಿಂದುಮಯ! ಸಿಕ್ಕಿತು, ಅರ್ಧ ಸಿಕ್ಕಿತು. ಆದರೆ ಒಂದು ಪದಕ್ಕೆ ಬಳಕೆಯೇ ಪ್ರಮಾಣ. ಹೆಣ್ಣಿನ ಮನೆಯಲ್ಲಿ ಇದನ್ನು ಹೇಗೆ ಬಳಸುತ್ತಾರೆಂದು ಕಣ್ಣಾರೆ ನೋಡದೆ ಉಳಿದರ್ಧ ಹೇಳಲಾರೆ.” ಹೆಣ್ಣಿನ ಮನೆಯಲ್ಲಿ ಊಟವೂ ಇರುತ್ತದೆ ಎಂಬುದು ಶಾಸ್ತ್ರಕ್ಕೆ ಸಂಬಂಧಪಡದ ವಿಷಯ.

ಹೀಗೆ ಸಭೆ ಮಳವಳ್ಳಿಯ ಬಸ್ಸು ಹತ್ತಿತು. ಪೆಟ್ರೋಲು ಸಿಗದ ಕಾಲವಾದ್ದರಿಂದ ಅದು ಇದ್ದಿಲ ಬಸ್ಸು. ಹಿಂದೆ ಒಲೆ, ಒಲೆಯಲ್ಲಿ ಬೆಂಕಿ, ಮುಂದೆ ಜನ, ಜನರಲ್ಲಿ ಹೊಗೆ. ಮುಂದಿನ ಸೀಟಿನಲ್ಲಿ ಶೇಕ್ದಾರರು, ಪಂಡಿತರು, ಅವರಿಬ್ಬರ ನಡುವೆ ಪಟ. ಗಾಜು ಒಡೆದೀತೆಂದು ಅದಕ್ಕೆ ಟವಲಿನ ಮೆತ್ತೆ ಹಾಕಿದ್ದರು. ಸಿದ್ದರಾಮುವಿಗೆ ಸೀಟಿರಲಿಲ್ಲ. ಗಂಡಿಗೆ ಒಂದು ಸೀಟು, ಅದು ಆಗಲೇ ತುಂಬಿದೆಯೆಂದ ಕಂಡಕ್ಟರ್.

ಕಾಳಮುದ್ದನ ದೊಡ್ಡಿ ದಾಟಿ ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು.

“ಗಂಡಸ್ರೆಲ್ಲಾ ಇಳ್ದು ತಳ್ರಪ್ಪೋ!”

ಶೇಕ್ದಾರರು ಸರ್ಕಾರದವರು, ಇಳಿಯಲಿಲ್ಲ. ಪಂಡಿತರು ಪದ ಹುಡುಕುತ್ತಿದ್ದರು, ಇಳಿಯಲಿಲ್ಲ. ಚಿಕ್ಕಬೋರಯ್ಯ ಹಿಂದಿನ ಸೀಟಿನಿಂದ ಪಟ ಬೀಳದಂತೆ ಹಿಡಿದುಕೊಂಡಿದ್ದ, ಇಳಿಯಲಾಗಲಿಲ್ಲ. ಸಿದ್ದರಾಮುವೂ ಪಾಷಾನೂ ಇಳಿದು, ಹೆಗಲು ಕೊಟ್ಟು, ಒಲೆಗೆ ಕೆನ್ನೆ ಕೊಟ್ಟು ತಳ್ಳಿದರು. ಹೊಗೆ ಬುಸ್ಸೆಂದು ಸಿದ್ದರಾಮುವಿನ ಮುಖಕ್ಕೆ ಹೊಡೆದು ಮೈಯೆಲ್ಲ ಮಸಿಯಾಯಿತು.

“ಛೇ, ಟಚಿಂಗ್ ಮಾಡೋಕೆ ಕುಂಚ ತರಲಿಲ್ಲ,” ಎಂದ ಪಾಷಾ ಅವನನ್ನು ನೋಡಿ.

ಗಂಡು ಸತ್ತಿಲ್ಲವೆಂಬ ಸುದ್ದಿ ಮಳವಳ್ಳಿಗೆ ಮೊದಲೇ ಮುಟ್ಟಿತ್ತು. ಬಾಗಿಲಲ್ಲಿ ಆರತಿ ತಟ್ಟೆ ಸಿದ್ಧವಾಗಿತ್ತು. ಎಲ್ಲರಿಗಿಂತ ಮುಂದೆ ಚಿಕ್ಕಬೋರಯ್ಯ ಎರಡೂ ಕೈಯಲ್ಲಿ ಪಟ ಎತ್ತಿಕೊಂಡು ಬಂದ. ಮರಿತಾಯಮ್ಮನ ಕಣ್ಣು ಮಂಜು. ಕೋಟು ಕಂಡಿತು, ಪೇಟ ಕಂಡಿತು, ಅಷ್ಟು ಸಾಕಾಯಿತು. ಪಟಕ್ಕೆ ಆರತಿ ಎತ್ತಿ, ದೃಷ್ಟಿ ನಿವಾಳಿಸಿ, ಹಣೆಗೆ ಕುಂಕುಮ ಇಟ್ಟಳು.

“ಎಂತಾ ಕಳೆ ಕಣವ್ವಾ ಮೊಕದಾಗೆ! ಒಂದು ಮಾತಿಲ್ಲ, ಕತೆಯಿಲ್ಲ. ಎಷ್ಟು ಮರ್ವಾದಸ್ತ!”

ಅಳಿಯನಾಗುವವನಲ್ಲಿ ಬೇಕಾದ ಗುಣಗಳೆಲ್ಲ ಪಟದಲ್ಲಿದ್ದವು. ತಿನ್ನುವುದಿಲ್ಲ, ಎದುರಾಡುವುದಿಲ್ಲ, ವರೋಪಚಾರ ಸಾಲದೆಂದು ಮುನಿಸಿಕೊಳ್ಳುವುದಿಲ್ಲ. ಅದನ್ನು ನಡುಮನೆಯ ಮಣೆಯ ಮೇಲೆ ಕೂರಿಸಿ, ಮುಂದೆ ಬಿಸಿ ಕಾಫಿ ಇಟ್ಟರು. ಹಿಂದೆಯೇ ಬಂದ ಸಿದ್ದರಾಮುವನ್ನು ಮರಿತಾಯಮ್ಮ ಹೊಸ್ತಿಲಲ್ಲೇ ತಡೆದಳು. “ಬಸ್ಸಿನೋನಾ? ಮಸಿ ಕಾಲಲ್ಲಿ ಒಳಿಕ್ ಬರ್ಬ್ಯಾಡಪ್ಪ, ಇತ್ಲಲ್ಲಿ ನೀರದೆ, ಓಗು.”

ಹಿತ್ತಿಲಿನ ಬಾವಿಯಲ್ಲಿ ಒಬ್ಬಳು ನೀರು ಸೇದುತ್ತಿದ್ದಳು. ಹುಡುಗಿ ಯಶೋದಮ್ಮ ಅವಳೇ. ಕೊಡ ಎತ್ತಿ ಅವನ ಕೈಗೆ ನೀರು ಸುರಿದಳು. ಮಸಿ ಇಳಿಯಿತು, ಸಿಡುಬಿನ ಕಲೆ ಕಂಡಿತು, ಪೇಟ ಜಾರಿ ಕಿವಿ ಎರಡೂ ಈಚೆ ಬಂದವು.

“ಬಸ್ಸಿನೋರಲ್ವಾ?”

“ಅಲ್ಲ. ನಾನು… ಅದೇ. ಒಳಗೆ ಕುಂತವ್ನಲ್ಲ, ಅವ್ನು.”

ಯಶೋದಮ್ಮ ಹಗ್ಗ ಹಿಡಿದುಕೊಂಡೇ ಅವನನ್ನು ನೋಡಿದಳು. “ಕಿವಿ ಅವೆ,” ಎಂದಳು.

“ಅವೆ.”

“ಸದ್ಯ. ಆ ಪಟದೋನಿಗೆ ಇರ್ನಿಲ್ಲ. ಏಳಿದ್ದು ಕೇಳುಸ್ತದೋ ಇಲ್ವೋ ಅಂತ ಯೋಚ್ನೆ ಆಗಿತ್ತು ನಂಗೆ.”

ಸಿದ್ದರಾಮುವಿಗೆ ಅದು ಬೈಗುಳವೋ ಒಪ್ಪಿಗೆಯೋ ತಿಳಿಯಲಿಲ್ಲ. “ಪಟ ನೋಡಿ ಒಪ್ಪಿದ್ರಂತೆ?” ಎಂದ.

“ಪಟ ನೋಡಿ ಅಜ್ಜಿ ಒಪ್ತು. ನಾನು ಒಪ್ಪಿದ್ದು ನಿಮ್ಮೂರಿನ ನಾಲೆ. ಮನೆ ಅತ್ರಾನೇ ನೀರು ಅರೀತದಂತಲ್ಲಾ? ಇಲ್ಲಿ ಸೇದಿ ಸೇದಿ ನೋಡಿ ಅಂಗೈಯಾ,” ಎಂದು ಕೈ ಚಾಚಿದಳು. ಅಂಗೈ ಹಗ್ಗದ ಹಾಗೆಯೇ ಇತ್ತು. “ನಿಮ್ಮ ಮೊಕ ಎಂಗಿದ್ರೇನು, ಮೊಕದಲ್ಲಿ ನೀರು ಸೇದಕ್ಕಾಯ್ತದಾ? ಓಗಿ, ಒಳಿಕೆ ಓಗಿ ನಾನೇ ಗಂಡು ಅನ್ನಿ.”

ಇಷ್ಟು ಬೇಗ ಯಾರೂ ಯಾವತ್ತೂ ಸಿದ್ದರಾಮುವನ್ನು ಒಪ್ಪಿರಲಿಲ್ಲ. ಅವನು ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು, ಆನೆಯ ಮೇಲೆ ಕೂತವನಂತೆ ನಡುಮನೆಗೆ ಬಂದ.

ಅಷ್ಟರಲ್ಲಿ ಅಲ್ಲಿ ತೀರ್ಮಾನವಾಗಿಬಿಟ್ಟಿತ್ತು. ಅವಸರದಲ್ಲೇ ಊಟ ಮುಗಿಸಿದ ಪಂಡಿತರು ಎದ್ದು ನಿಂತಿದ್ದರು. “ಈ ವಸ್ತುವಿನ ಹೆಸರು ಬಿಂದುಮಯ ವರ್ಣಾಲಂಕೃತ ವರಪ್ರತಿನಿಧಿ!” ಎಂದರು. ಜನ ಚಪ್ಪಾಳೆ ತಟ್ಟಿದರು. ಅರ್ಥವಾಗಿದ್ದರೆ ತಟ್ಟುತ್ತಿದ್ದರೋ ಇಲ್ಲವೋ.

“ಕೇಸಿಲ್ಲ ತಾನೆ ಹುಜೂರ್?” ಎಂದ ಪಾಷಾ.

“ಇಲ್ಲ. ಇದು ಪೋಟೋ ಅಲ್ಲ, ಚಿತ್ರ ಅಲ್ಲ, ಪಟವೂ ಅಲ್ಲ. ಮದುವೆ ನಡೀಬಹುದು,” ಎಂದರು ಶೇಕ್ದಾರರು.

ಶಿವನಂಜಮ್ಮ ಕೈ ಮುಗಿದಳು. ಸಿದ್ದರಾಮು ಮುಂದೆ ಬಂದು, “ನಾನೇ ಗಂಡು!” ಎಂದ.

ಸಭೆ ತಿರುಗಿ ನೋಡಿತು. ಮರಿತಾಯಮ್ಮ, “ಈ ಬಸ್ಸಿನೋನ್ಗೆ ಯಾರ್ಲಾ ಕುಡ್ಯಕ್ ಕೊಟ್ಟೋರು?” ಎಂದಳು.

“ಅವಸರ ಬೇಡ,” ಎಂದು ಶೇಕ್ದಾರರು ಕೈ ಎತ್ತಿದರು. “ಇದರಲ್ಲೊಂದು ತೊಡಕಿದೆ. ಹೆಣ್ಣಿನ ಕಡೆಯವರ ಮುಂದೆ ಮೊದಲು ಹಾಜರಾದದ್ದು ಈ ಪ್ರತಿನಿಧಿ. ನೀನು ಬಂದದ್ದು ಆಮೇಲೆ. ನಮ್ಮ ಕಚೇರಿ ಕ್ರಮದಲ್ಲಿ ಮೊದಲು ಹಾಜರಾದದ್ದು ಮೂಲ, ಆಮೇಲೆ ಬಂದದ್ದು ನಕಲು. ಅಂದಮೇಲೆ ನಕಲು ನೀನು. ನಕಲಿನಲ್ಲಿ ಕಿವಿ ಜಾಸ್ತಿ ಇದೆ, ಕೋಟು ಕಮ್ಮಿ ಇದೆ. ಪರವಾಗಿಲ್ಲ, ಕೈಬರಹದಲ್ಲಿ ಹಾಗಾಗುತ್ತೆ. ಐದು ಜನರ ಮುಂದೆ ‘ನಾನು ಇದರ ನಕಲು’ ಅಂತ ಬಾಯಿಬಿಟ್ಟು ಹೇಳು. ನಾನು ದೃಢೀಕರಿಸ್ತೀನಿ. ಆಮೇಲೆ ತಾಳಿ ಕಟ್ಟು.”

“ಧಾರೆ ಹೊತ್ನಲ್ಲಿ ಪಟ ಮುಂದೆ ಇರ್ಲಿ ಸ್ವಾಮಿ,” ಎಂದ ಚಿಕ್ಕಬೋರಯ್ಯ. “ಊರೆಲ್ಲ ಅದ್ನೇ ನೋಡ್ಬುಟ್ಟದೆ, ಇವ್ನು ಇಂದ್ಗಡೆ ನಿಂತ್ಕಳ್ಳಿ. ಏನ್ಲಾ, ನಕಲು ಅಂತ ಒಪ್ಕತೀಯಾ?”

“ಹೇಳ್ಬಿಡಿ ಭಾಯಿ, ಒಂದು ಮಾತು ತಾನೆ,” ಎಂದ ಪಾಷಾ.

“ಊಂ ಅನ್ನು ಮಗಾ,” ಎಂದಳು ಶಿವನಂಜಮ್ಮ, ಕಣ್ಣಲ್ಲೇ ಬೇಡುತ್ತ. “ಇದೂ ತಪ್ಪೋದ್ರೆ ಇನ್ನಿಲ್ಲ ಕಣಪ್ಪಾ.”

ಅಡಿಗೆಮನೆಯ ಬಾಗಿಲಲ್ಲಿ ಯಶೋದಮ್ಮ ಬಂದು ನಿಂತಳು. ಮಣೆಯ ಮೇಲೆ ಮಹಾನುಭಾವ, ಹಣೆಯಲ್ಲಿ ಕುಂಕುಮ, ಮುಂದೆ ಆರುತ್ತಿದ್ದ ಕಾಫಿ, ಪಾಷಾ ಬರೆದ ಕಣ್ಣುಗಳಿಂದ ಸಿದ್ದರಾಮುವನ್ನೇ ನೋಡುತ್ತಿದ್ದ. ಸಿದ್ದರಾಮುವಿಗೆ ಬೆಳಗಿನಿಂದ ಕುಡಿಯಲು ಒಂದು ಲೋಟ ನೀರು ಕೂಡ ಯಾರೂ ಕೊಟ್ಟಿರಲಿಲ್ಲ.

“ಏನಂತೀಯ?” ಎಂದರು ಶೇಕ್ದಾರರು.

ಸಿದ್ದರಾಮು ಜಾರಿದ್ದ ಪೇಟವನ್ನು ಬಿಚ್ಚಿ, ಕೊಡವಿ, ಕಿವಿಗಳ ಹಿಂದೆ ಬರುವ ಹಾಗೆ ಸುತ್ತಿಕೊಂಡ. ಮೂಲವನ್ನು ಮಣೆಯ ಮೇಲೆಯೇ ಬಿಟ್ಟು ಹೊಸ್ತಿಲು ದಾಟಿದ.

“ಏಯ್! ಕೇಳಿದ್ದುಕ್ಕೆ ಏಳಿ ಓಗ್ಲಾ!” ಎಂದು ಚಿಕ್ಕಬೋರಯ್ಯ ಬೀದಿಗೆ ಓಡಿಬಂದ. ಒಳಗೆ ಪಂಡಿತರು, ಹೀಗೆ ಎದ್ದುಹೋಗುವ ವರನಿಗೆ ಕನ್ನಡದಲ್ಲಿ ಪದವಿಲ್ಲವಲ್ಲ ಎಂದು ಹಣೆ ಗಂಟುಹಾಕಿ ಕೂತರು. ಯಶೋದಮ್ಮ ನಡುಮನೆಗೆ ಬಂದು, ಪಟದ ಮುಂದಿದ್ದ ಕಾಫಿಯನ್ನು ಎತ್ತಿಕೊಂಡು, ಎಲ್ಲರ ಎದುರಿಗೇ ತಾನು ಕುಡಿದು, ಖಾಲಿ ಲೋಟವನ್ನು ಶೇಕ್ದಾರರ ಮುಂದೆ ಟಕ್ಕೆಂದು ಇಟ್ಟಳು.

ಮದ್ದೂರಿನ ದಾರಿ ಎಡಕ್ಕಿತ್ತು. ಸಿದ್ದರಾಮು ಬಲಕ್ಕೆ ತಿರುಗಿದ.

“ಲೇ, ಅದು ಕೊಳ್ಳೇಗಾಲದ ದಾರಿ ಕಣ್ಲಾ! ಒಳೆ ದಾಟಿದ್ರೆ ಮದ್ರಾಸು ಸರ್ಕಾರದ್ದು! ಅಲ್ಲಿ ನಮ್ ಸೇಕ್ದಾರ್ರ ಮಾತು ನಡ್ಯಾಕಿಲ್ಲ! ಎತ್ಲಾಗ್ ಓಯ್ತಿದೀಯಾ?”

ಸಿದ್ದರಾಮು ಪೇಟವನ್ನು ಇನ್ನೊಂದಿಷ್ಟು ಹಿಂದಕ್ಕೆ ತಳ್ಳಿ ನಡೆದ. ಅವನ ಎರಡು ಕಿವಿಗಳೂ ಸಂಜೆಯ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿದ್ದವು. ಬೀದಿಯ ಕೊನೆಯವರೆಗೂ ಅವು ಕಾಣುತ್ತಲೇ ಇದ್ದವು, ಅವನು ಹೋಗುತ್ತಲೇ ಇದ್ದ.